ಕೆಂಪು ಇಂಕಿನಲ್ಲಿ ಓದಿದ ಪುಸ್ತಕ

ಯಾವ ಪುಸ್ತಕ ಸಿಕ್ಕರೂ ಕೆಂಪು ಪೆನ್ನು ಹಿಡಿದು ಓದುವುದು ನನಗೆ 28 ವರ್ಷಗಳ ಚಾಳಿ. ಕಾದಂಬರಿ ಓದುವಾಗಲೂ ನನ್ನ ಕೈ ಪೆನ್ನಿಗಾಗಿ ತಡಕಾಡುತ್ತದೆ ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಾರೆ. ಈಚೆಗೆ ನಾನು ಹಾಗೆ ಓದಿದ್ದು ನನ್ನ ಸೊಸೆಯ ಪುಸ್ತಕ. ಟಾಡ್ ಲ್ಯಾಮ್ಲೆ ಎಂಬ ಅಮೆರಿಕದವರು ಬರೆದ ಸಿಸಿಎನ್‌ಎ ಪರೀಕ್ಷೆಯ ಕೈಪಿಡಿ. ಗಾತ್ರದಲ್ಲಿ ತಲೆದಿಂಬಿಗೆ ಸಮ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯೊಳಗಿಂದ ಚೌಕಾಸಿ ಮಾಡಿ ತಂದವಳು ನಾನೇ. ಕಲಾಸಿಪಾಳ್ಯದ ನಮ್ಮ ಮನೆಯಿಂದ ಮಾರ್ಕೆಟ್ಟು ದಾಟಿದರೆ ಅವೆನ್ಯೂ ರಸ್ತೆ ತಾನೆ?

ಸಿಸಿಎನ್‌ಎ ಎಂದರೇನು ಎಂದು ಮಗನಿಂದಲೋ ಅಳಿಯನಿಂದಲೋ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ಕೆಲಸ ಈತನಿಗೆ ಅಥವಾ ಈಕೆಗೆ ಬರುತ್ತದೆ ಎಂದು ಸಿಸ್ಕೊ ಕಂಪನಿ ಪರೀಕ್ಷೆ ನಡೆಸಿ ಕೊಡುವ ಸರ್ಟಿಫಿಕೇಟು ಅದು. 1998ರಿಂದ ಇದೆ. ಶುಲ್ಕ 300 ಡಾಲರು, ನಮ್ಮ ಲೆಕ್ಕದಲ್ಲಿ ಸುಮಾರು 25,000 ರೂಪಾಯಿ. ಇಷ್ಟು ಕೊಟ್ಟು ಪಡೆದ ಸರ್ಟಿಫಿಕೇಟಿನ ಆಯುಸ್ಸು ಮೂರೇ ವರ್ಷ! ಅಷ್ಟರೊಳಗೆ ಮತ್ತೆ ಪರೀಕ್ಷೆ ಬರೆಯಬೇಕು, ಇಲ್ಲವೆ ಅವರು ಒಪ್ಪಿದ ತರಬೇತಿಗಳಿಂದ ಅಂಕ ಕೂಡಿಸಬೇಕು. ನನ್ನ ಬಿ.ಎಡ್.ಗೂ ಇದೇ ಕಟ್ಟಳೆ ಇದ್ದಿದ್ದರೆ ಇಷ್ಟರಲ್ಲಿ ಒಂಬತ್ತು ಸಲ ಬರೆದಿರಬೇಕಿತ್ತು.

ಸೊಸೆ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿ ಜಾಲ ಕಾಯುತ್ತಾಳೆ. ಎಲ್ಲೋ ಒಂದು ಕಡೆ ಸಂಪರ್ಕ ತಪ್ಪಿದರೆ ಪರದೆಯ ಮೇಲೆ ಕೆಂಪು ಬೀಳುತ್ತದೆ, ಇವಳು ಫೋನು ಮಾಡಬೇಕು. ಹಗಲು ಪಾಳಿಯ ಮೇಲಿನ ಕೆಲಸ ಬೇಕಾದರೆ ಸರ್ಟಿಫಿಕೇಟು ತಾ ಎಂದಿದ್ದಾರೆ. ಮಗುವಿಗೆ ಒಂದು ವರ್ಷ ನಾಲ್ಕು ತಿಂಗಳು. ನಮ್ಮ ಮಗ ಔಷಧಿ ಕಂಪನಿಯ ಪ್ರತಿನಿಧಿಯಾಗಿ ತಿಂಗಳಲ್ಲಿ ಅರ್ಧ ಪಾಲು ಊರೂರು ತಿರುಗುವವನು. ಇವಳು ಬೆಳಗ್ಗೆ ಏಳಕ್ಕೆ ಕ್ಯಾಬಿನಿಂದ ಇಳಿದು, ಸ್ನಾನ ಮಾಡಿ, ಎರಡು ಇಡ್ಲಿ ತಿಂದು ಮಲಗಿದರೆ ಒಂದಕ್ಕೆ ಏಳುತ್ತಾಳೆ. ಮಗು ಮಧ್ಯಾಹ್ನ ನಿದ್ದೆ ಮಾಡುವ ಒಂದೂವರೆ ಗಂಟೆಯೇ ಅವಳ ಕಾಲೇಜು.

ಇನ್ನು ಪುಸ್ತಕದ ವಿಚಾರ. ಮೆಚ್ಚಿದ್ದನ್ನು ಮೊದಲು ಹೇಳಬೇಕು. ಪಾಠ ಶುರುವಾಗುವ ಮೊದಲೇ ಈತ ಒಂದು ಪರೀಕ್ಷೆ ಕೊಡುತ್ತಾರೆ. ನಿನಗೆ ಎಷ್ಟು ಬರುತ್ತದೆ ಮೊದಲು ನೋಡಿಕೋ ಎಂದು. ಉತ್ತರದ ಜೊತೆಗೆ ಅದು ಏಕೆ ಸರಿ ಎಂದೂ ವಿವರಿಸುತ್ತಾರೆ. ಬಿ.ಎಡ್.ನಲ್ಲಿ ನಮಗೆ ಪೂರ್ವಜ್ಞಾನ ಪರೀಕ್ಷೆ ಎಂದು ಬಾಯಿಪಾಠ ಮಾಡಿಸಿದ್ದರು. ಪಾಠ ಯೋಜನೆಯ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ತುಂಬುತ್ತಿದ್ದೆವೇ ಹೊರತು ತರಗತಿಯಲ್ಲಿ ಎಷ್ಟು ಜನ ಮಾಡಿದೆವು? ಭಾಷೆಯೂ ಹಗುರ. ಎದುರು ಕೂತು ಮಾತನಾಡಿದ ಹಾಗೆ, ನಡುನಡುವೆ ತಮಾಷೆ.

ಆದರೆ ಈತ ಮಾತನಾಡುತ್ತಿರುವುದು ಯಾರೊಂದಿಗೆ? ಅಲ್ಲಿ ನನ್ನ ಕೆಂಪು ಪೆನ್ನು ನಿಂತಿತು. ಅಧ್ಯಾಯದ ಕೊನೆಗೆ ಬರೆಯುವ ಅಭ್ಯಾಸ, ಯಂತ್ರ ಹಿಡಿದು ಮಾಡುವ ಅಭ್ಯಾಸ, ಪ್ರಶ್ನೆಗಳು. ಸಂಜೆಗಳೆಲ್ಲ ತನ್ನವೇ ಆಗಿರುವ ಓದುಗ ಈತನ ಕಣ್ಣ ಮುಂದೆ ಇದ್ದಾನೆ. ಕುಕ್ಕರಿನ ಮೂರನೇ ಸೀಟಿಗೆ ಎದ್ದು ಹೋಗಿ ಬಂದವಳು ಯಾವ ಸಾಲಿನಿಂದ ಶುರು ಮಾಡಬೇಕು? ಯಂತ್ರಗಳನ್ನು ಜೋಡಿಸಿಟ್ಟುಕೊಳ್ಳಲು ನಮ್ಮ ಮನೆಯಲ್ಲಿ ಉಳಿದಿರುವ ಜಾಗ ದೇವರ ಗೂಡು ಒಂದೇ. ಪುಣ್ಯಕ್ಕೆ ಪ್ಯಾಕೆಟ್ ಟ್ರೇಸರ್ ಎಂಬ ಅಣಕು ಜಾಲದ ತಂತ್ರಾಂಶವನ್ನು ಸಿಸ್ಕೊದವರೇ ಬಿಟ್ಟಿಯಾಗಿ ಕೊಡುತ್ತಾರೆ.

ನಮ್ಮ ಪ್ರತಿಯನ್ನು ನಮಗಿಂತ ಮೊದಲು ಯಾರೋ ಓದಿದ್ದರು. ಪುಟಪುಟಕ್ಕೂ ಪೆನ್ಸಿಲ್ ಗೆರೆ. ಸಬ್‌ನೆಟ್ಟಿಂಗ್ ಎಂಬ ಅಧ್ಯಾಯದ ನಡುವೆ ಗೆರೆಗಳು ನಿಂತುಹೋಗಿವೆ, ಮುಂದೆ ಪುಟಗಳೆಲ್ಲ ಹೊಸದು. ನಮ್ಮವಳೂ ಅಲ್ಲಿಯೇ ಸಿಕ್ಕಿಕೊಂಡಳು. ಒಂದು ದೊಡ್ಡ ಜಾಲದ ವಿಳಾಸಗಳನ್ನು ಚಿಕ್ಕ ಚಿಕ್ಕ ಗುಂಪಾಗಿ ಒಡೆಯುವ ಲೆಕ್ಕ ಅದು. ಒಂದು ಗುಂಪಿಗೆ 64 ವಿಳಾಸ ಎಂದಿಟ್ಟುಕೊಳ್ಳಿ. ಕಂಪ್ಯೂಟರುಗಳಿಗೆ ಸಿಗುವುದು 62 ಮಾತ್ರ.

"ಉಳಿದೆರಡು ಏನಾಯ್ತು ಅತ್ತೆ, ತಲೆಗೇ ಹೋಗಲ್ಲ" ಎಂದಳು.

ನಾನು ಮೂರು ಮಧ್ಯಾಹ್ನ ಆ ಅಧ್ಯಾಯ ಓದಿದೆ. ಇತಿಹಾಸದ ಬಿ.ಎ. ನಾನು, ನಗಬೇಡಿ. 2023ರಲ್ಲಿ ತೆರೆದ ನಮ್ಮ ಹೊಸ ಬಸ್ ನಿಲ್ದಾಣದ ಮುಂದೆ ತರಕಾರಿ ಚೀಲ ಹಿಡಿದು ನಿಂತಿದ್ದಾಗ ಹೊಳೆಯಿತು. ಒಂದೊಂದು ಗುಂಪೂ ಒಂದು ಬಸ್ಸು. ಮೊದಲನೆಯ ನಂಬರು ಬಸ್ಸಿನ ಬೋರ್ಡು, ಇದು ಯಾವ ಬಸ್ಸು ಎಂದು ಹೇಳುವುದಕ್ಕೆ. ಕೊನೆಯ ನಂಬರು ಕಂಡಕ್ಟರನ ಕೂಗು, ಕೂಗಿದರೆ ಬಸ್ಸಿನಲ್ಲಿರುವವರೆಲ್ಲರಿಗೂ ಕೇಳಬೇಕು. ಬೋರ್ಡಿನ ಮೇಲೂ ಕೂಗಿನ ಮೇಲೂ ಯಾರನ್ನಾದರೂ ಕೂರಿಸಲಾಗುತ್ತದೆಯೆ? ಮನೆಗೆ ಬಂದು ಹೇಳಿದಾಗ ಅವಳು ಜೋರಾಗಿ ನಕ್ಕು ಮಗುವನ್ನು ಎಬ್ಬಿಸಿಬಿಟ್ಟಳು. ಮಾರನೆಯ ದಿನ ಲಾರಿ ಆಫೀಸಿನ ಪಾರ್ಸೆಲ್ಲೂ ಪಾಠಕ್ಕೆ ಬಂತು. ಬುಕಿಂಗ್ ಗುಮಾಸ್ತ ಮೂಟೆಯ ಮೇಲೆ ಊರಿನ ಹೆಸರು ನೋಡುತ್ತಾನೆಯೇ ಹೊರತು ಯಾವ ಅಂಗಡಿ, ಯಾವ ಗಲ್ಲಿ ಎಂದಲ್ಲ. ಅದು ಆ ಊರಿನವರ ಕೆಲಸ. ರೌಟರ್ ಎಂಬ ಯಂತ್ರ ಮಾಡುವುದೂ ಅಷ್ಟೇ.

ಈ ನಡುವೆ ಇನ್ನೊಂದು 'ಗ್ರಂಥ' ಮನೆಗೆ ಬಂತು. ಸಹೋದ್ಯೋಗಿಯೊಬ್ಬ ಅವಳ ಫೋನಿಗೆ ಕಳಿಸಿದ್ದು. ಇದಕ್ಕೆ ಡಂಪ್ ಎನ್ನುತ್ತಾರಂತೆ. ಪರೀಕ್ಷೆ ಬರೆದು ಬಂದವರು ನೆನಪಿಟ್ಟುಕೊಂಡು ಹೇಳಿದ ಪ್ರಶ್ನೆಗಳು, ಉತ್ತರ ಸಮೇತ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಪರೀಕ್ಷೆಗೆ ಕೂರುವುದು, ಮುರಿದರೆ ಸರ್ಟಿಫಿಕೇಟು ರದ್ದು. ಆದರೂ ಓಡಾಡುತ್ತದೆ.

"ನಮ್ಮ ಟೀಮಲ್ಲಿ ಸುಮಾರು ಜನ ಇದನ್ನೇ ಓದಿದ್ದು. ತಪ್ಪಾ ಅತ್ತೆ?" ಎಂದು ಕೇಳಿದಳು.

ತಪ್ಪು ಎಂದು ತಟ್ಟನೆ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಪ್ರತಿ ಫೆಬ್ರವರಿಯಲ್ಲೂ ಹತ್ತನೇ ತರಗತಿಯ ಹಿಂದಿನ ಬೆಂಚಿನವರಿಗೆ 'ಬಂದೇ ಬರುವ ಪ್ರಶ್ನೆಗಳು' ಎಂದು ಎರಡು ಹಾಳೆ ಜೆರಾಕ್ಸ್ ಮಾಡಿಸಿ ಹಂಚಿದವಳು ನಾನು. ಶಾಲೆಯ ಫಲಿತಾಂಶ ಏರಿತು, ನನ್ನ ಕೈ ಕುಲುಕಿದರು. ನನ್ನದು ಹಳೆಯ ಪತ್ರಿಕೆ ನೋಡಿ ಮಾಡಿದ ಊಹೆ, ಇದು ಕದ್ದದ್ದು ಎಂದು ವಾದಿಸಬಹುದು. ವಾದ ಸರಿಯೇ. ಆದರೆ ಆ ಎರಡು ಹಾಳೆ ಓದಿ ಪಾಸಾದ ಹುಡುಗನೊಬ್ಬ ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕಿ, ಬ್ಯಾಂಕಿನ ಫಾರಂ ತುಂಬಿಕೊಡಿ ಮಿಸ್ ಎಂದ.

ಉತ್ತರ ಹೇಳುವ ಬದಲು ಡಂಪನ್ನೂ ಕೆಂಪು ಪೆನ್ನಿಗೆ ಕೊಡು ಎಂದೆ. ವಿಮರ್ಶೆ ಎಂದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಲ್ಲ! ಹತ್ತು ಪುಟ ಪ್ರಿಂಟು ತೆಗೆಸಿ ತಂದಳು. ಅದರಲ್ಲಿ 'ಏಕೆ' ಎಂಬುದು ಒಂದು ಸಾಲೂ ಇಲ್ಲ. ಬರೀ ಎ, ಸಿ, ಡಿ. ನಾಲ್ಕನೇ ಪುಟದಲ್ಲಿ ಅವಳೇ ನಿಂತಳು. 64ರ ಗುಂಪುಗಳಲ್ಲಿ, 70ನೇ ನಂಬರಿನ ಕಂಪ್ಯೂಟರಿರುವ ಗುಂಪಿನ ಕೂಗುವ ವಿಳಾಸ ಯಾವುದು? ಡಂಪಿನ ಉತ್ತರ 128.

"ಅತ್ತೆ, 127 ಅಲ್ವಾ? 128 ಮುಂದಿನ ಬಸ್ಸಿನ ಬೋರ್ಡು."

ಗುಂಪುಗಳು ಶುರುವಾಗುವುದು 0, 64, 128, 192ರಲ್ಲಿ. ಅವಳು ಹೇಳಿದ್ದೇ ಸರಿ. ಪೆನ್ನು ಅವಳ ಕೈಗೆ ಕೊಟ್ಟೆ. ಹತ್ತು ಪುಟದಲ್ಲಿ ಇನ್ನೂ ಎರಡು ತಪ್ಪು ಹಿಡಿದಳು. ಹಾಗೆಂದು ಆವತ್ತೇ ಡಂಪನ್ನು ಅಳಿಸಿಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ವಾರ ಫೋನಿನಲ್ಲೇ ಇತ್ತು. 25,000 ರೂಪಾಯಿಯ ಭಯ ಅದು.

ಪರೀಕ್ಷೆಯ ಮೇಲೂ ನನ್ನದೊಂದು ತಕರಾರಿದೆ. 120 ನಿಮಿಷ, ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಹೋಗುವಂತಿಲ್ಲ. ಎಷ್ಟು ಅಂಕಕ್ಕೆ ಪಾಸು ಎಂದು ಮೊದಲೇ ತಿಳಿಸುವುದೂ ಇಲ್ಲ. ಬರುವುದನ್ನು ಮೊದಲು ಬರೀರಿ, ಆಮೇಲೆ ಉಳಿದದ್ದನ್ನು ನೋಡಿ ಎಂದು ಮಕ್ಕಳಿಗೆ ಹೇಳುತ್ತಾ ಬಂದವಳಿಗೆ ಇದು ಹೊಟ್ಟೆಗಿಳಿಯದು.

ಮೊದಲ ಸಲ ಅವಳು ಪಾಸಾಗಲಿಲ್ಲ. ಅದರಲ್ಲಿ ನನ್ನ ಪಾಲೂ ಉಂಟು. ನಾನು ತಂದದ್ದು 2016ರ ಆವೃತ್ತಿ. 2020ರ ಫೆಬ್ರವರಿಯಲ್ಲಿ ಪರೀಕ್ಷೆಯೇ ಬದಲಾಗಿ, ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಆಟೊಮೇಷನ್ ಎಂಬ ಹೊಸ ಭಾಗ ಸೇರಿತ್ತು. ಪಠ್ಯ ಬದಲಾದ ವರ್ಷ ಹಳೆಯ ಪುಸ್ತಕ ತಂದ ಹುಡುಗರನ್ನು ಗದರಿಸಿದ ಮೇಡಂ ಮಾಡಿದ ಕೆಲಸ ಇದು. ಸಬ್‌ನೆಟ್ಟಿಂಗಿನಲ್ಲಿ ಮಾತ್ರ ಅವಳಿಗೆ ಒಳ್ಳೆಯ ಅಂಕ ಬಂದಿರಬೇಕು ಎಂದು ನನ್ನ ನಂಬಿಕೆ.

ಈಗ ಹೊಸ ಆವೃತ್ತಿಯ ಎರಡು ಸಂಪುಟ ತರಿಸಿದ್ದೇವೆ, ಪೂರ್ತಿ ಬೆಲೆ ಕೊಟ್ಟು. ಮಧ್ಯಾಹ್ನ ಸಾಲದು ಎಂದು ಭಾನುವಾರದ ಅಡುಗೆಯನ್ನು ಮಗನಿಗೆ ಒಪ್ಪಿಸಿದ್ದೇನೆ. ಅವನ ಸಾರಿನ ವಿಮರ್ಶೆಯನ್ನು ಬೇರೆಯೇ ಬರೆಯಬೇಕು.