ಮೆಕಾರ್ಟ್ನಿಯ ಕನಸು, ನಮ್ಮ ವರ್ಕ್‌ಶೀಟು

ಇಂಗ್ಲಿಷ್ ಕಲಿಸುವವರಿಗೆ ಈಗ ಹಾಡಿನ ಹಿಂದಿನ ಕಥೆ ಎಂದರೆ ಬಲು ಪ್ರೀತಿ. ಜನಪ್ರಿಯ ಹಾಡೊಂದು ಹುಟ್ಟಿದ ಬಗೆಯನ್ನು ಸಂಗೀತಗಾರನ ಬಾಯಿಂದಲೇ ಕೇಳಿಸುತ್ತಾರೆ, ಇಲ್ಲವೇ ಒಂದು ಪುಟಕ್ಕಿಳಿಸಿ ಓದಿಸುತ್ತಾರೆ. ಕೆಳಗೆ ಎಂಟು-ಹತ್ತು ದಪ್ಪಕ್ಷರದ ಪದ, ಅವುಗಳ ಅರ್ಥ, ಆಮೇಲೆ ‘ಬಿಟ್ಟ ಸ್ಥಳ ತುಂಬಿರಿ’. ಉಪಾಯ ಒಳ್ಳೆಯದೇ. ಕೆಡುವುದು ಪದ ಆರಿಸುವಲ್ಲಿ.

ಇಂಥ ಪಾಠಕ್ಕೆ ಹೇಳಿಮಾಡಿಸಿದಂತಿರುವುದು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ‘ಯೆಸ್ಟರ್‌ಡೇ’ ಹಾಡಿನ ಕಥೆ. ಲಂಡನ್ನಿನ ವಿಂಪೋಲ್ ಸ್ಟ್ರೀಟಿನಲ್ಲಿ, ಗೆಳತಿ ಜೇನ್ ಆ್ಯಷರ್ ಅವರ ಮನೆಯ ಮೇಲಟ್ಟದ ಕೋಣೆಯಲ್ಲಿ ಅವರ ವಾಸ. ಒಂದು ಬೆಳಿಗ್ಗೆ ಎದ್ದರೆ ತಲೆಯಲ್ಲಿ ಇಡೀ ಟ್ಯೂನ್ ಸಿದ್ಧವಾಗಿತ್ತು. ಮಂಚದ ಪಕ್ಕದಲ್ಲೇ ಪಿಯಾನೊ. ಕನಸಿನಲ್ಲಿ ಬಂದದ್ದು ತನ್ನದೇ ಎಂದು ನಂಬುವ ಧೈರ್ಯವಾಗದೆ, ಸಿಕ್ಕವರಿಗೆಲ್ಲ ಅದನ್ನು ಕೇಳಿಸಿ, ಮೊದಲೇ ಎಲ್ಲಾದರೂ ಕೇಳಿದ್ದೀರಾ ಎಂದು ವಾರಗಟ್ಟಲೆ ವಿಚಾರಿಸಿದರು. ಮಾತು ಹೊಂದುವವರೆಗೆ ಹಾಡಿಕೊಂಡದ್ದು ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು. ನಮ್ಮ ಚಿತ್ರರಂಗದವರು ಡಮ್ಮಿ ಸಾಹಿತ್ಯ ಅನ್ನುತ್ತಾರಲ್ಲ, ಅದೇ. ನಿಜವಾದ ಸಾಹಿತ್ಯ ಕೂಡಿಬಂದದ್ದು 1965ರ ಮೇ ತಿಂಗಳಲ್ಲಿ, ಲಿಸ್ಬನ್ನಿನಿಂದ ಪೋರ್ಚುಗಲ್‌ನ ದಕ್ಷಿಣ ತೀರಕ್ಕೆ ಕಾರಿನಲ್ಲಿ ಹೋಗುವಾಗ. ಜೂನ್‌ನಲ್ಲಿ ರೆಕಾರ್ಡಿಂಗ್, ಅಕ್ಟೋಬರ್ ಹೊತ್ತಿಗೆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು.

ಇಷ್ಟು ಸೊಗಸಾದ ಕಥೆಯಿಂದ ಪಾಠದವರು ಸಾಮಾನ್ಯವಾಗಿ ಹೆಕ್ಕುವುದು ಮೆಲೊಡಿ, ಸಬ್‌ಕಾನ್ಶಿಯಸ್, ಪ್ಲೇಜರಿಸಂ, ಕ್ವಾರ್ಟೆಟ್ ಥರದ ಪದಗಳನ್ನು. ಇವೆಲ್ಲ ನಿಘಂಟು ತೆರೆದರೆ ತಕ್ಷಣ ಸಿಗುವ ನಾಮಪದಗಳು. ನಮ್ಮ ಕಲಿಕೆಯವರು ಎಡವುವುದು ಅಲ್ಲಿ ಅಲ್ಲವೇ ಅಲ್ಲ. ಎಲ್ಲರಿಗೂ ಕೇಳಿಸಿ ವಿಚಾರಿಸಿದ್ದನ್ನು ಹೇಳುವಾಗ ಮೆಕಾರ್ಟ್ನಿ ಒಂದು ಹೋಲಿಕೆ ಕೊಡುತ್ತಾರೆ: ದಾರಿಯಲ್ಲಿ ಸಿಕ್ಕ ಮಾಲನ್ನು ಪೊಲೀಸರಿಗೆ ಒಪ್ಪಿಸಿದ ಹಾಗಿತ್ತು, ಕೆಲವು ವಾರ ಯಾರೂ ತಮ್ಮದೆಂದು ಬರದಿದ್ದರೆ ನಾನೇ ಇಟ್ಟುಕೊಳ್ಳಬಹುದಲ್ಲ, ಎಂದು. ‘ಹ್ಯಾಂಡ್ ಇನ್’, ‘ಕ್ಲೇಮ್’ ಎರಡೂ ಈ ಒಂದೇ ಮಾತಿನಲ್ಲಿವೆ. ನಮ್ಮೂರಿನಲ್ಲಿ ಕ್ಲೇಮ್ ಎಂದರೆ ಇನ್ಶೂರೆನ್ಸ್ ಕಂಪನಿಯ ಫಾರಂ. ಹ್ಯಾಂಡ್ ಗೊತ್ತು, ಇನ್ ಗೊತ್ತು, ಎರಡೂ ಜೊತೆಗೂಡಿದರೆ ಕೈಕೊಡುತ್ತವೆ. ಠಾಣೆಯ ಆ ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿತೆಂದರೆ ಎರಡನ್ನೂ ಮತ್ತೆ ಬಾಯಿಪಾಠ ಮಾಡಬೇಕಿಲ್ಲ. ವರ್ಕ್‌ಶೀಟಿನಲ್ಲಿ ಇವಕ್ಕೆ ದಪ್ಪಕ್ಷರದ ಭಾಗ್ಯವಿಲ್ಲ.

ದಪ್ಪಕ್ಷರಗಳ ಸಂಖ್ಯೆಯ ಬಗ್ಗೆಯೂ ತಕರಾರಿದೆ. ಓದು ಸರಾಗವಾಗಿ ಸಾಗಬೇಕಾದರೆ ನೂರಕ್ಕೆ 98 ಪದಗಳಾದರೂ ಪರಿಚಿತವಾಗಿರಬೇಕು ಎಂಬುದು ಭಾಷಾಬೋಧನೆಯ ವಿದ್ವಾಂಸ ಪಾಲ್ ನೇಷನ್ ಮತ್ತಿತರರ ಲೆಕ್ಕ. ಇನ್ನೂರು ಪದಗಳ ಪುಟದಲ್ಲಿ ಹತ್ತು ಹೊಸ ಪದ ತುರುಕಿದರೆ ಆ ಲೆಕ್ಕ ಅಲ್ಲೇ ತಪ್ಪಿತು. ಆಮೇಲೆ ಕಥೆ ಹಿಂದೆ ಸರಿದು, ಪದಪಟ್ಟಿಯೇ ಮುಂದೆ ನಿಲ್ಲುತ್ತದೆ.

ಹಾಗಾದರೆ ಹಾಡನ್ನೇ ಕಲಿಸಬಾರದೇ? ಕಲಿಸಲಿ, ಆದರೆ ಹಾಡು ಉಚ್ಚಾರಣೆಗೆ ಅಷ್ಟು ನಂಬುವಂಥದ್ದಲ್ಲ. ಮಾತಿನಲ್ಲಿ ಯೆಸ್ಟರ್‌ಡೇ ಎನ್ನುವಾಗ ಒತ್ತು ಬೀಳುವುದು ಮೊದಲ ತುಂಡಿಗೆ, ಕೊನೆಯದು ಹಗುರ. ಹಾಡಿನಲ್ಲಿ ಮೊದಲೆರಡು ಗಿಡ್ಡ, ಕೊನೆಯ ‘ಡೇ’ ಉದ್ದಕ್ಕೆ ನಿಲ್ಲುತ್ತದೆ. ಮೊದಲೇ ಆ ಡೇಯನ್ನು ಎಳೆಯುವ ನಮ್ಮ ನಾಲಿಗೆಗೆ ಹಾಡು ಇನ್ನಷ್ಟು ಸಲಿಗೆ ಕೊಟ್ಟಂತಾಗುತ್ತದೆ. ಸಂಗೀತಗಾರನ ಮಾತಿನಲ್ಲಿ ಈ ತೊಂದರೆಯಿಲ್ಲ.

ಇನ್ನೊಂದು ಅನುಕೂಲವನ್ನು ಪಾಠದವರು ಬಳಸಿದ್ದೇ ಕಡಿಮೆ. ಮೆಕಾರ್ಟ್ನಿ ಈ ಕಥೆಯನ್ನು ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ಒಂದೇ ವಿಷಯದ ಮೇಲೆ ಹಲವರ ಮಾತನ್ನು ಮತ್ತೆ ಮತ್ತೆ ಕೇಳುವುದರಿಂದ ಲಾಭವಿದೆ ಎಂದು ಭಾಷಾಕಲಿಕೆಯ ವಿದ್ವಾಂಸ ಸ್ಟೀಫನ್ ಕ್ರಾಶನ್ 1990ರ ದಶಕದಲ್ಲೇ ವಾದಿಸಿದ್ದರು. ಒಬ್ಬರೇ ಬೇರೆ ಬೇರೆ ಸಲ ಹೇಳಿದ್ದಕ್ಕೂ ಆ ಮಾತು ಸಲ್ಲುತ್ತದೆ. ಎರಡನೆಯ ಸಲ ಘಟನೆ ಗೊತ್ತಿರುತ್ತದೆ, ಕಿವಿ ಮಾತಿನ ಮೇಲೆ ನೆಡುತ್ತದೆ. ಹತ್ತು ಹಾಡುಗಳ ಹತ್ತು ಕಥೆಗಳಿಗಿಂತ ಇದೊಂದರ ಮೂರು ಆವೃತ್ತಿಗಳನ್ನು ಕೇಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಆವೃತ್ತಿಗಳು ಒಂದೇ ಥರ ಇರುವುದೂ ಇಲ್ಲ. 2023ರಲ್ಲಿ ಐರಿಷ್ ಕವಿ ಪಾಲ್ ಮುಲ್ಡೂನ್ ಜೊತೆಗಿನ ಪಾಡ್‌ಕಾಸ್ಟಿನಲ್ಲಿ ಮೆಕಾರ್ಟ್ನಿ ತಮ್ಮ ತಾಯಿಯ ಮಾತು ತೆಗೆದರು. ಅವರಿಗೆ 14 ವರ್ಷವಾಗಿದ್ದಾಗ, 1956ರಲ್ಲಿ, ತೀರಿಕೊಂಡ ಆ ತಾಯಿ ನರ್ಸ್ ಆಗಿದ್ದವರು. ಕೊಂಚ ನಾಜೂಕಿನ ಇಂಗ್ಲಿಷ್ ಆಡುತ್ತಿದ್ದರಂತೆ. ‘ಆಸ್ಕ್’ ಎಂದು ಅವರು ದೀರ್ಘ ಎಳೆದದ್ದಕ್ಕೆ ಮಗ ಗೇಲಿ ಮಾಡಿದ್ದ. ತಪ್ಪು ಮಾತಾಡಿದ ಹಳಹಳಿಯ ಸಾಲೊಂದು ಹಾಡಿನಲ್ಲಿ ಬಂದದ್ದು ಆ ನೆನಪಿನಿಂದ ಇರಬಹುದೇ ಎಂದು ಈಗ ಅವರಿಗೇ ಅನುಮಾನ. ‘ಇರಬಹುದು’, ‘ಇದ್ದೀತು’ ಎಂಬ ಅನುಮಾನವನ್ನು ಇಂಗ್ಲಿಷಿನಲ್ಲಿ ಹೇಗೆ ಆಡುವುದು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಉಚ್ಚಾರಣೆಗೆ ನಗಿಸಿಕೊಂಡ ಅನುಭವವಂತೂ ನಮ್ಮ ಪ್ರತಿ ತರಗತಿಯಲ್ಲೂ ಕೆಲವರಿಗಾದರೂ ಇರುತ್ತದೆ. ಬಿಟ್ಟ ಸ್ಥಳ ತುಂಬಿಸುವ ಬದಲು ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿಸಿದರೆ ಸಾಕು.