ಮನೆಯೊಳಗಿನ ನಾದ, ಮರೆಯಾದ ಹೆಸರು

ಜಯನಗರ, ಬನಶಂಕರಿಯ ಭಜನಾ ಮಂಡಳಿಗಳಲ್ಲಿ ತಾಯಂದಿರು ಹಾಡುವ ಹಾಡುಗಳಿಗೆ ಕಿವಿಗೊಟ್ಟಿದ್ದೀರಾ? ‘ಹೆಳವನಕಟ್ಟೆ ರಂಗ’ ಎಂಬ ಅಂಕಿತವಿದ್ದರೆ ಅದು 18ನೆಯ ಶತಮಾನದ ಗಿರಿಯಮ್ಮನವರ ರಚನೆ. ‘ಭೀಮೇಶಕೃಷ್ಣ’ ಎಂದಿದ್ದರೆ 19ನೆಯ ಶತಮಾನದ ಹರಪನಹಳ್ಳಿ ಭೀಮವ್ವನವರದು. ಅಂಕಿತದಲ್ಲಿರುವುದು ದೇವರ ಹೆಸರು, ಹಾಡು ಕಟ್ಟಿದಾಕೆಯದಲ್ಲ.

ಪಶ್ಚಿಮದಲ್ಲೂ ಇಂಥದೇ ಕಥೆಯಿದೆ. ಜರ್ಮನಿಯ ಫ್ಯಾನಿ ಮೆಂಡೆಲ್ಸನ್ ಪಿಯಾನೊ, ವಯೊಲಿನ್, ಚೆಲ್ಲೊಗಳಿಗೆಂದು ರಚಿಸಿದ ಕೃತಿಯನ್ನು 1847ರಲ್ಲಿ ಮನೆಯ ಕೂಟದಲ್ಲಿ ನುಡಿಸಲಾಯಿತು. ಅದರ ಮೂರನೆಯ ಭಾಗಕ್ಕೆ ಆಕೆ ‘ಹಾಡು’ ಎಂದೇ ಹೆಸರಿಟ್ಟಿದ್ದರು. ಅದೇ ವರ್ಷ ಅವರು ತೀರಿಕೊಂಡರು. ಕೃತಿ ಅಚ್ಚಾದದ್ದು 1850ರಲ್ಲಿ.

ಮನೆಯು ಇವರ ಕಲೆಗೆ ಆಸರೆಯೂ ಆಯಿತು, ಗೋಡೆಯೂ ಆಯಿತು. ‘ಹೆಂಗಸರ ಹಾಡು’ ಎಂದು ಬದಿಗಿಡುವುದು ವಿಮರ್ಶೆಯಲ್ಲ. ಪುರಂದರದಾಸರ ಹೆಸರು ಹೇಳಿ ಹಾಡುವ ನಾವು ಇವರ ಹೆಸರನ್ನೂ ಹೇಳಿ ಹಾಡುವುದೇ ನ್ಯಾಯ.