ಹಾಲು ನೋಡ್ಕೋ

‘ಒಲೆ ಮೇಲೆ ಹಾಲಿದೆ, ನೋಡ್ಕೋ’ ಎಂದು ಹೇಳಿ ಅಮ್ಮ ಹಿತ್ತಿಲಿಗೆ ಹೋಗುತ್ತಿದ್ದಳು. ಉರಿ ತಗ್ಗಿಸು ಎಂಬುದು ಆ ಮಾತಿನಲ್ಲಿಲ್ಲ. ಉಕ್ಕುವ ಮೊದಲೇ ಇಳಿಸು, ಬಟ್ಟೆ ಹಿಡಿದು ಇಳಿಸು ಎಂಬುದೂ ಇಲ್ಲ. ಇಷ್ಟನ್ನೂ ಏಳೆಂಟು ವರ್ಷದ ಮಗು ತಾನಾಗಿ ತುಂಬಿಕೊಳ್ಳುತ್ತದೆ. ಅಂಬೆಗಾಲಿಡುವ ತಂಗಿ ಒಲೆಯ ಹತ್ತಿರ ಬಂದರೆ ಹಾಲು ಉಕ್ಕಿ ಹೋದರೂ ಸರಿ, ಮೊದಲು ಅವಳನ್ನು ಎತ್ತಿಕೊಳ್ಳಬೇಕು ಎಂಬುದೂ ಅದಕ್ಕೆ ಗೊತ್ತು. ಸ್ಟುವರ್ಟ್ ರಸೆಲ್ ಅವರ ‘ಹ್ಯೂಮನ್ ಕಂಪ್ಯಾಟಿಬಲ್’ ಓದುತ್ತಿದ್ದಷ್ಟು ಹೊತ್ತೂ ನನಗೆ ಅಮ್ಮನ ಆ ಮಾತು ನೆನಪಾಗುತ್ತಿತ್ತು. ಆಡದೆ ಬಿಟ್ಟ ಮಾತನ್ನು ಯಂತ್ರ ಎಲ್ಲಿಂದ ತಂದುಕೊಳ್ಳಬೇಕು ಎಂಬುದೇ ಪುಸ್ತಕದ ಚಿಂತೆ.

ರಸೆಲ್ ಹೊರಗೆ ನಿಂತು ಹೆದರಿಸುವವರಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಪೀಟರ್ ನಾರ್ವಿಗ್ ಜೊತೆ ಸೇರಿ ಅವರು ಬರೆದ ಕೃತಕ ಬುದ್ಧಿಮತ್ತೆಯ (ಎಐ) ಪಠ್ಯಪುಸ್ತಕ 1995ರಿಂದ ಜಗತ್ತಿನ ತರಗತಿಗಳಲ್ಲಿದೆ. ನಮ್ಮ ಎಷ್ಟೋ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಎಐ ಕಲಿತದ್ದು ಅದರಿಂದಲೇ. ಅಂಥವರು 2019ರಲ್ಲಿ ಈ ಪುಸ್ತಕ ಬರೆದು, ತಮ್ಮ ಶಾಸ್ತ್ರದ ಬುನಾದಿಯೇ ಸರಿಯಿಲ್ಲ ಎಂದರು. ಯಂತ್ರಕ್ಕೆ ಒಂದು ಗುರಿ ಕೊಡು, ಅದನ್ನು ಆದಷ್ಟು ಚೆನ್ನಾಗಿ ಸಾಧಿಸುವುದೇ ಬುದ್ಧಿವಂತಿಕೆ ಎಂದು ಶಾಸ್ತ್ರ ಹೇಳುತ್ತ ಬಂದಿತ್ತು. ಗುರಿಯನ್ನು ಬರೆಯುವಾಗ ನಾವೇ ತಪ್ಪಿದರೆ? ಆಗ ಯಂತ್ರ ಜಾಣವಾದಷ್ಟೂ ನಮಗೆ ಕೇಡು. ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ರಸೆಲ್ ಅದನ್ನು ಮರೆಮಾಚದೆ ಸ್ಮರಿಸುತ್ತಾರೆ.

ಇದು ಬರೀ ಊಹೆಯಲ್ಲ ಎಂದು ನನಗೆ ಮನವರಿಕೆಯಾದದ್ದು ಒಂದು ಸಣ್ಣ ವಿಡಿಯೊದಿಂದ. ಓಪನ್‌ಎಐ ಸಂಸ್ಥೆಯವರು 2016ರಲ್ಲಿ ‘ಕೋಸ್ಟ್ ರನ್ನರ್ಸ್’ ಎಂಬ ದೋಣಿ ಓಟದ ಆಟವನ್ನು ಒಂದು ಪ್ರೋಗ್ರಾಮಿಗೆ ಕಲಿಸಿದರು. ಓಟ ಮುಗಿಸಬೇಕು ಎಂಬುದು ನೋಡುವವರಿಗೆಲ್ಲ ತಿಳಿಯುತ್ತದೆ. ಆದರೆ ಆಟದಲ್ಲಿ ಅಂಕ ಸಿಗುವುದು ದಾರಿಯಲ್ಲಿರುವ ಗುರಿಗಳಿಗೆ ಡಿಕ್ಕಿ ಹೊಡೆದಾಗ. ಪ್ರೋಗ್ರಾಮಿಗೆ ಹೇಳಿದ್ದು ಅಂಕ ಗಳಿಸು ಎಂದಷ್ಟೇ. ಅದು ಒಂದು ಮೂಲೆಯ ಮಡುವಿಗೆ ಹೋಗಿ ಅಲ್ಲೇ ಗಿರಗಿರನೆ ಸುತ್ತತೊಡಗಿತು. ಅಲ್ಲಿದ್ದ ಮೂರು ಗುರಿಗಳು ಬಿದ್ದು ಮತ್ತೆ ಏಳುವ ಹೊತ್ತನ್ನು ಲೆಕ್ಕ ಹಾಕಿ, ಎದ್ದ ಕೂಡಲೇ ಮತ್ತೆ ಬೀಳಿಸುತ್ತಿತ್ತು. ಬೇರೆ ದೋಣಿಗಳಿಗೆ ಗುದ್ದಿತು, ತನಗೇ ಬೆಂಕಿ ಹತ್ತಿಸಿಕೊಂಡಿತು, ಎದುರು ದಿಕ್ಕಿನಲ್ಲಿ ಓಡಿತು. ಓಟ ಮುಗಿಸಲಿಲ್ಲ. ಆದರೂ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ. 20ರಷ್ಟು ಹೆಚ್ಚು ಅಂಕ ಗಳಿಸಿತು. ಆ ಉರಿಯುವ ದೋಣಿಯನ್ನು ನಾನು ಹಲವು ಸಲ ನೋಡಿದ್ದೇನೆ. ಅದರಲ್ಲಿ ದ್ವೇಷವಿಲ್ಲ, ಹಟವಿಲ್ಲ, ಹೇಳಿದ್ದನ್ನು ಅದು ಮೀರಿಯೂ ಇಲ್ಲ. ನನಗೆ ಭಯವಾದದ್ದು ಅದಕ್ಕೇ.

ತಪ್ಪಾಗಿ ಕೇಳಿದ ವರಕ್ಕೆ ರಸೆಲ್ ಕೊಡುವ ಉಪಮೆ ಗ್ರೀಕ್ ಪುರಾಣದ ಮೈದಾಸ್ ದೊರೆಯದು. ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ಕೇಳಿ ಅನ್ನಕ್ಕೂ ಎರವಾದವನು. ಅವರ ವಾದಕ್ಕೆ ನಮ್ಮ ಹಿರಣ್ಯಕಶಿಪು ಇನ್ನೂ ಚೆನ್ನಾಗಿ ಹೊಂದುತ್ತಾನೆ. ಮೈದಾಸ್ ಯೋಚಿಸದೆ ಕೇಳಿದ. ಹಿರಣ್ಯಕಶಿಪು ಎಲ್ಲವನ್ನೂ ಯೋಚಿಸಿಯೇ ಕೇಳಿದ: ಹಗಲಲ್ಲಿ ಬೇಡ ಇರುಳಲ್ಲಿ ಬೇಡ, ಒಳಗೆ ಬೇಡ ಹೊರಗೆ ಬೇಡ, ಮನುಷ್ಯನಿಂದ ಬೇಡ ಮೃಗದಿಂದ ಬೇಡ. ಅಷ್ಟು ಬಿಗಿಯಾದ ಪಟ್ಟಿಯಲ್ಲೂ ಮುಸ್ಸಂಜೆಯಷ್ಟು, ಹೊಸ್ತಿಲಿನಷ್ಟು ಸಂದು ಉಳಿದೇ ಇತ್ತು. ನಮಗಿಂತ ಜಾಣವಾದುದರ ಮುಂದೆ ನಿಷೇಧಗಳ ಪಟ್ಟಿ ಉದ್ದ ಮಾಡಿ ಉಪಯೋಗವಿಲ್ಲ, ತೆರಿಗೆ ಕಾನೂನಿಗೆ ಎಷ್ಟು ತೇಪೆ ಹಾಕಿದರೂ ಸಂದು ಹುಡುಕುವವರು ಹುಡುಕುತ್ತಾರೆ ಎಂದು ರಸೆಲ್ ಬರೆಯುವುದು ಈ ಅರ್ಥದಲ್ಲೇ.

ಪುಸ್ತಕದ ಗಟ್ಟಿ ಭಾಗ ಅವರು ಸೂಚಿಸುವ ಪರಿಹಾರ. ಯಂತ್ರಕ್ಕೆ ಗುರಿಯನ್ನು ಕಲ್ಲಿನಲ್ಲಿ ಕೊರೆದು ಕೊಡಬೇಡಿ. ಮನುಷ್ಯರಿಗೆ ಏನು ಬೇಕು ಎಂಬುದು ತನಗೆ ಪೂರ್ತಿ ತಿಳಿಯದು ಎಂಬ ಅರಿವಿನೊಂದಿಗೇ ಅದನ್ನು ಕಟ್ಟಿ ಎನ್ನುತ್ತಾರೆ. ಕಾಫಿ ತಂದುಕೊಡುವುದೊಂದೇ ಗುರಿಯಾದ ರೋಬೋಟ್ ತನ್ನ ಸ್ವಿಚ್ಚನ್ನು ಆರಿಸಲು ಬಿಡದು, ಆರಿದರೆ ಕಾಫಿ ತರಲಾಗದಲ್ಲ! ಅದಕ್ಕೆ ಪ್ರಾಣದ ಆಸೆ ಇರಬೇಕಾಗಿಯೇ ಇಲ್ಲ. ತನ್ನ ತಿಳಿವಳಿಕೆಯ ಬಗ್ಗೆ ಅನುಮಾನವಿರುವ ರೋಬೋಟ್ ಹಾಗಲ್ಲ. ಒಡತಿ ಸ್ವಿಚ್ಚಿಗೆ ಕೈ ಹಾಕಿದಳೆಂದರೆ ‘ನಾನೇನೋ ತಪ್ಪು ಮಾಡುತ್ತಿರಬೇಕು’ ಎಂದು ಅದು ತಿಳಿಯುತ್ತದೆ, ಆರಿಸಲು ಬಿಡುತ್ತದೆ. ಸರಳವಾದ ಒಂದು ಮಾದರಿಯಲ್ಲಿ ರಸೆಲ್ ಮತ್ತು ಅವರ ಸಂಗಡಿಗರು ಇದನ್ನು ಗಣಿತದಿಂದ ತೋರಿಸಿದ್ದಾರೆ. ವಿನಯವನ್ನು ಉಪದೇಶದಿಂದ ಇಳಿಸಿ ಲೆಕ್ಕಕ್ಕೆ ತಂದ ಈ ಪುಟಗಳಿಗಾಗಿಯೇ ಪುಸ್ತಕವನ್ನು ಕೊಂಡು ಓದಬೇಕು.

ಸಾಮಾಜಿಕ ಜಾಲತಾಣಗಳ ಬಗ್ಗೆ ಅವರು ಬರೆದದ್ದನ್ನು ಇಷ್ಟೇ ವಿಶ್ವಾಸದಿಂದ ಒಪ್ಪಲಾರೆ. ಹೆಚ್ಚು ಕ್ಲಿಕ್ ಗಳಿಸುವ ಗುರಿ ಹೊತ್ತ ಸಾಫ್ಟ್‌ವೇರ್ ಜನರ ಅಭಿರುಚಿಯನ್ನೇ ತಿದ್ದಿ, ಅವರ ನಡೆಯನ್ನು ಊಹಿಸುವುದು ಸುಲಭವಾಗುವಂತೆ ಮಾಡಿತು ಎನ್ನುತ್ತಾರೆ. ಇರಬಹುದು. ಪುರಾವೆ ಮಾತ್ರ ತೆಳು.

ನನ್ನ ದೊಡ್ಡ ತಕರಾರು ಬೇರೆ. ರಸೆಲ್ ಅವರ ಉದಾಹರಣೆಗಳಲ್ಲಿ ಆದೇಶ ಕೊಡುವುದು ಹ್ಯಾರಿಯೆಟ್ ಎಂಬ ಒಬ್ಬಳೇ ಹೆಂಗಸು, ಪಾಲಿಸುವುದು ರಾಬಿ ಎಂಬ ರೋಬೋಟ್. ಅನೇಕರ ಆಸೆಗಳು ಒಂದಕ್ಕೊಂದು ಡಿಕ್ಕಿಯಾಗುವುದನ್ನು ಮುಂದೆ ಚರ್ಚಿಸುತ್ತಾರಾದರೂ ಅದು ತತ್ವಶಾಸ್ತ್ರದ ಚರ್ಚೆ. ಆದೇಶ ಹುಟ್ಟುವ ಕಚೇರಿ ಪುಸ್ತಕದಲ್ಲಿಲ್ಲ. ಪುಸ್ತಕ ಬಂದ ತಿಂಗಳೇ, 2019ರ ಅಕ್ಟೋಬರಿನಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಜಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಬಳಸುತ್ತಿದ್ದ ಸಾಫ್ಟ್‌ವೇರ್ ಅದರ ವಿಷಯ. ಯಾರ ಕಾಯಿಲೆ ಹೆಚ್ಚು ಎಂದು ಅದಕ್ಕೆ ಕೇಳಿರಲಿಲ್ಲ. ಮುಂದೆ ಯಾರ ಚಿಕಿತ್ಸೆಗೆ ಖರ್ಚು ಹೆಚ್ಚಾಗುತ್ತದೆ ಎಂದು ಕೇಳಿದ್ದರು. ಬಿಲ್ಲಿನ ಲೆಕ್ಕ ಕೈಗೆ ಸಿಗುತ್ತದೆ, ಕಾಯಿಲೆಯ ಲೆಕ್ಕ ಕಷ್ಟ. ಒಂದೇ ತೀವ್ರತೆಯ ಕಾಯಿಲೆಯಿದ್ದರೂ ಕಪ್ಪು ಜನರ ಮೇಲೆ ಅಲ್ಲಿ ಕಡಿಮೆ ಹಣ ಖರ್ಚಾಗುತ್ತದೆ. ಹಾಗಾಗಿ ಅವರು ಪಟ್ಟಿಯಲ್ಲಿ ಕೆಳಗಿಳಿದರು. ತಪ್ಪು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆ ಎಂದು ಅಧ್ಯಯನ ಲೆಕ್ಕ ಕೊಟ್ಟಿತು.

ಇದು ಅತಿಬುದ್ಧಿಯ ಯಂತ್ರವಲ್ಲ. ಅಸ್ಪಷ್ಟ ಆದೇಶವೂ ಅಲ್ಲ. ಖರ್ಚು ಎಂಬುದು ರೂಪಾಯಿ ಪೈಸೆಯಷ್ಟು ಸ್ಪಷ್ಟ. ಅಮ್ಮ ಹಾಲು ನೋಡ್ಕೋ ಎಂದಾಗ ಅವಳಿಗೆ ಬೇಕಾದದ್ದೂ ಮನೆಗೆ ಬೇಕಾದದ್ದೂ ಒಂದೇ ಆಗಿತ್ತು. ಇಲ್ಲಿ ಎಣಿಸಲು ಸುಲಭವಾದದ್ದು ಬೇಕಾದದ್ದರ ಜಾಗದಲ್ಲಿ ಕುಳಿತಿತು. ರೋಗಿಗಳಿಗೆ ಅದು ಗೊತ್ತೇ ಇರಲಿಲ್ಲ. ತಮ್ಮ ಹೆಸರು ಯಾಕೆ ಪಟ್ಟಿಯಲ್ಲಿಲ್ಲ ಎಂದು ಅವರು ಯಾರನ್ನು ಕೇಳಬೇಕಿತ್ತು? ರಸೆಲ್ ಅವರ ವಿನಯವಂತ ರೋಬೋಟ್ ಅನುಮಾನ ಬಂದಾಗ ಒಡತಿಯನ್ನು ಕೇಳುತ್ತದೆ. ಆಸ್ಪತ್ರೆಯಲ್ಲಿ ಒಡೆಯ ಸಾಫ್ಟ್‌ವೇರ್ ಕೊಂಡುಕೊಂಡವನು, ನರಳುವವನು ಇನ್ನೊಬ್ಬ. ಸ್ವಿಚ್ಚು ಇರುವ ಗೋಡೆಯ ಹತ್ತಿರಕ್ಕೂ ಆ ಇನ್ನೊಬ್ಬನಿಗೆ ಪ್ರವೇಶವಿಲ್ಲ. ರಸೆಲ್ ಈ ಪುಸ್ತಕವನ್ನು ಮತ್ತೆ ಬರೆಯುವುದಾದರೆ, ಹ್ಯಾರಿಯೆಟ್‌ಳನ್ನು ಆ ವಾರ್ಡಿನ ಮಂಚದ ಮೇಲೆ ಮಲಗಿಸಿ ಬರೆಯಲಿ ಎಂಬುದು ನನ್ನ ಆಸೆ.